ತಡವಾದ ಚಪ್ಪಾಳೆ

ಆ ಮನುಷ್ಯ ಹಾಡು ಕೇಳಲು ಬಂದವನಲ್ಲ ಎಂಬುದು ಎರಡನೇ ಹಾಡು ಮುಗಿಯುವಷ್ಟರಲ್ಲೇ ಟೀಚರಿಗೆ ಖಾತ್ರಿಯಾಯಿತು. ಕಾಲ ಬಳಿಯಿದ್ದ ಬ್ಯಾಗನ್ನು ಎಳೆದು ಮಡಿಲಲ್ಲಿಟ್ಟುಕೊಂಡರು.

ಎಂಟುನೂರು ಜನ ಹಿಡಿಸುವ ಸಭಾಂಗಣ. ಭಾನುವಾರ ಮಧ್ಯಾಹ್ನದ ಕಾರ್ಯಕ್ರಮಕ್ಕೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಎಲ್ಲರ ಕಣ್ಣೂ ಗಾಯಕಿಯ ಮೇಲೆ. ಪಕ್ಕದ ಸೀಟಿನವನ ಕಣ್ಣು ಮಾತ್ರ ಆಗಾಗ ಜನರ ಮೇಲೆ, ಅವರ ಕೈಗಳ ಮೇಲೆ. ಅರವತ್ತೈದು ದಾಟಿರಬೇಕು. ಇಸ್ತ್ರಿ ಮಾಡಿದ ಅಂಗಿ, ಆಗತಾನೆ ಕ್ಷೌರ ಮಾಡಿಸಿಕೊಂಡ ಮುಖ. ಇಂಥ ಸಭ್ಯಸ್ಥರೇ ಪರರ ಜೇಬಿಗೆ ಕೈ ಹಾಕುವುದು ಎಂದುಕೊಂಡರು ಟೀಚರ್. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಅವನೂ ತಟ್ಟುತ್ತಿದ್ದ, ನೆಪಕ್ಕೆಂಬಂತೆ.

“ವೇದಿಕೆ ಆ ಕಡೆ ಇದೆ ಸ್ವಾಮಿ,” ಎಂದು ಕುಟುಕಿದರು.

ತಿರುಗಿಯೂ ನೋಡಲಿಲ್ಲ, ಭಂಡ.

ಬಿಡುವಿನಲ್ಲಿ ಟಿಕೆಟ್ ನೋಡುವವಳನ್ನು ಕರೆದು ಪಿಸುಗುಟ್ಟಿದರು. ಅವಳು ಹೋಗಿ ಕೈ ಚಾಚಿದಳು. ಅವನು ಟಿಕೆಟ್ ತೋರಿಸಿದ.

“ನಂಬರ್ ಒಂದು ಮೇಡಂ! ಮಾರಾಟ ಶುರುವಾದ ದಿನ ಎಲ್ಲರಿಗಿಂತ ಮುಂಚೆ ಬಂದು ತಗೊಂಡಿದಾರೆ,” ಎಂದು ನಕ್ಕು ಹೋದಳು.

ಕೊನೆಯ ಹಾಡಿಗೆ ಮುಂಚೆ ಗಾಯಕಿ ವಾದ್ಯಗಳನ್ನೆಲ್ಲ ನಿಲ್ಲಿಸಿದಳು. ಮೈಕನ್ನು ಬಾಯಿಗೆ ಒತ್ತಿಕೊಂಡಳು.

“ಹನ್ನೊಂದು ವರ್ಷದ ಹಿಂದೆ ನಮ್ಮಪ್ಪ, ‘ಇನ್ಮೇಲೆ ನಿನ್ನ ಹಾಡು ನನ್ನ ಕಿವಿಗೆ ಬೀಳಬಾರದು’ ಅಂದ್ರು. ನಾನೂ ಬಾಯಿಗೆ ಬಂದಿದ್ದು ಅಂದು ಮನೆ ಬಿಟ್ಟೆ. ಅವರು ಇವತ್ತು ಇಲ್ಲೆಲ್ಲಾದ್ರೂ ಕೂತಿದ್ರೆ ಒಂದು ಮಾತು ಕೇಳ್ಬೇಕು. ಅಪ್ಪಾ, ನಾನು ಮನೆಗೆ ಬರ್ಲಾ?”

ಟೀಚರ್ ಬ್ಯಾಗಿನಲ್ಲಿ ಕರವಸ್ತ್ರ ಹುಡುಕಿದರು. ಮುಂದಿನ ಸಾಲಿನ ದಂಪತಿ ಕಣ್ಣೊರೆಸಿಕೊಂಡರು. ಪಕ್ಕದವನು ಮಾತ್ರ ಕಲ್ಲಿನಂತೆ ಕೂತಿದ್ದ. ಜನ ಅಳುವುದನ್ನು ಕಂಡು ಹುಬ್ಬು ಗಂಟಿಕ್ಕಿದ, ಅಷ್ಟೇ.

ಕಾರ್ಯಕ್ರಮ ಮುಗಿದು ಎಲ್ಲರೂ ಹೊರಗೆ ಬಂದರು. ಅಭಿಮಾನಿಗಳ ನಡುವೆ ನಿಂತಿದ್ದ ಗಾಯಕಿ ಇದ್ದಕ್ಕಿದ್ದಂತೆ ಕೂಗಿದಳು.

“ಅಪ್ಪಾ!”

ಜನರನ್ನು ಸರಿಸಿಕೊಂಡು ಓಡಿ ಬಂದು ಆ ಮನುಷ್ಯನ ಎರಡೂ ಕೈ ಹಿಡಿದುಕೊಂಡಳು. ಹಿಂದೆಯೇ ಇದ್ದ ಟೀಚರ್ ಅಲ್ಲೇ ನಿಂತುಬಿಟ್ಟರು.

ಅವನ ಕಣ್ಣು ತುಂಬಿತ್ತು. “ಚೆನ್ನಾಗಿ ಹಾಡಿದೆ ಮಗಳೇ.”

“ಅದು ಬಿಡು ಅಪ್ಪ. ನಾನು ಕೇಳಿದ್ದಕ್ಕೆ ಏನಂತೀಯ?”

“ತುಂಬಾ ಚೆನ್ನಾಗಿ ಹಾಡಿದೆ.”

ಅವಳು ಕಾದಳು. ಅವನು ಅವಳ ಮುಖವನ್ನೇ ನೋಡುತ್ತ ನಕ್ಕ.

“ಅಷ್ಟೇನಾ ಅಪ್ಪ?”

ಅವನು ನಗುತ್ತಲೇ ತಲೆಯಾಡಿಸಿದ.

ಅವಳ ಮುಖ ಬಾಡಿತು. ಹಿಡಿದ ಕೈ ಬಿಟ್ಟಳು. ವ್ಯಾನಿನಿಂದ ಯಾರೋ ಕರೆದರು. ಸರಸರನೆ ನಡೆದುಹೋಗಿ ಹತ್ತಿದಳು; ತಿರುಗಿ ನೋಡಲಿಲ್ಲ.

ಟೀಚರಿಗೆ ತಡೆಯಲಾಗಲಿಲ್ಲ. ಅವನ ತೋಳು ಹಿಡಿದು ತಮ್ಮತ್ತ ತಿರುಗಿಸಿಕೊಂಡರು. “ಹೆತ್ತ ಮಗಳು ಅಷ್ಟು ಅಂಗಲಾಚಿದ್ರೂ ಬಾ ಅನ್ನೋಕೆ ನಿಮಗೆ ಬಾಯಿ ಬರ್ಲಿಲ್ವಲ್ರೀ! ನೀವೆಂಥ ಅಪ್ಪ?”

ವ್ಯಾನು ಗೇಟು ದಾಟಿತು. ಅದು ಮರೆಯಾಗುವವರೆಗೂ ನೋಡಿದ ಮುದುಕ, ಜೇಬಿನಿಂದ ಸಣ್ಣ ಪುಸ್ತಕವೊಂದನ್ನು ತೆಗೆದು, ಏನೋ ಗೀಚಿ ಟೀಚರ ಮುಂದೆ ಹಿಡಿದ.

‘ಅಮ್ಮಾ, ನನ್ನ ಮಗಳು ಏನು ಕೇಳಿದಳೆಂದು ಇದರಲ್ಲಿ ಬರೆದುಕೊಡುತ್ತೀರಾ? ಅವಳ ಮುಂದೆ ಹೇಳಿಕೊಳ್ಳಲು ಧೈರ್ಯ ಬರಲಿಲ್ಲ. ನನಗೆ ಕಿವಿ ಕೇಳಿಸದೆ ಆರು ವರ್ಷವಾಯಿತು.’