ಘಾಟು ಬೇಕೆಂದ ಸೆಕ್ರೆಟರಿ

ಬಿಲ್ಡಿಂಗುಗಳ ಮೆಟ್ಟಿಲು ತೊಳೆಯುವ ಚಾಂದಸಾಬನ ಪ್ರೆಶರ್ ಪಂಪು ಅಂಧೇರಿಯಲ್ಲಿ ಗುಡುಗಿದರೆ ಬೈಕುಲ್ಲಾದ ಕಿಟಕಿಗಳು ಅದುರುತ್ತಿದ್ದವು. ಅಂಥ ಪಂಪು ಮಾರ್ಬಲ್ ಮೆಟ್ಟಿಲೊಂದನ್ನು ಮುಖ ಕಾಣುವಷ್ಟು ತೊಳೆದು ತೋರಿಸಿದರೂ, ಬಿಲ್ಡಿಂಗಿನ ಸೆಕ್ರೆಟರಿ ರಾಮಸ್ವಾಮಿ ಬಗ್ಗಿ ಮೂಸಿ ಮೂಗು ಮುರಿದರು. “ಏನ್ರೀ ಸಾಬ್ರೇ, ಘಾಟೇ ಇಲ್ವಲ್ಲ! ಬರೀ ಸೋಪಿನ ನೀರಾ? ಬಿಡಿ, ಆಸಿಡ್ ಹಾಕೋರನ್ನೇ ಕರೀತೀನಿ.”

ಆಸಿಡ್ ಮಾರ್ಬಲನ್ನು ತಿಂದುಬಿಡುತ್ತದೆಂದು ಚಾಂದಸಾಬ ಸಾವಿರ ಸಲ ಹೇಳಿಯಾಗಿತ್ತು. ನಾಲ್ಕು ಮಾಳಿಗೆಯ ಕೆಲಸ ಕೈಜಾರುತ್ತಿತ್ತು. ಅವನು ಚೀಲದಿಂದ ಕಕ್ಕಸು ತೊಳೆಯುವ ಆಸಿಡ್ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ರಾಮಸ್ವಾಮಿಯವರ ಬೆನ್ನ ಹಿಂದಿನ ಕಿಟಕಿಕಟ್ಟೆಯ ಮೇಲೆ ಅವರಿಗೆ ಕಾಣದಂತೆ ಇಟ್ಟ. ಮೆಟ್ಟಿಲಿಗೆ ಮತ್ತೆ ಅದೇ ಸೋಪಿನ ನೀರು ಹೊಡೆದ.

ಬಾಟಲಿಯ ಘಾಟಿಗೆ ರಾಮಸ್ವಾಮಿಯವರ ಕಣ್ಣಿಂದ ಕೊಡಗಟ್ಟಲೆ ನೀರು ಸುರಿಯಿತು. ಕೆಮ್ಮುತ್ತಲೇ ಕೂಗಿದರು: “ಹಾಂ, ಇದು ನೋಡಿ ಔಷಧಿ! ನಾಲ್ಕೂ ಮಾಳಿಗೆಗೆ ಇದನ್ನೇ ಹೊಡೀರಿ!”

“ಆತ್ರೀ ಸಾಹೇಬ್ರ, ಇದನ್ನ ಹೊಡೀತೇನ್ರಿ,” ಎಂದು ಚಾಂದಸಾಬ ಸೋಪಿನ ಡಬ್ಬಿಗೆ ಕೈಹಾಕಿದ.