ಪಾರ್ಕಿಂಗ್ ಮಾಳಿಗೆಯ ತಂಪು

ಮಧ್ಯಾಹ್ನದ ಹೊತ್ತಿಗೆ ತಗಡಿನ ಮನೆ ಒಲೆಯಂತೆ ಕಾದಿತ್ತು. ಝಳಕ್ಕೆ ಬಸವಳಿದ ಕೂಸನ್ನು ಎತ್ತಿಕೊಂಡು ನೀಲಮ್ಮ ಎದುರಿನ ಕಾರ್ ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಹತ್ತಿದಳು. ಊರಿನ ಕಾವು ತಗ್ಗಲೆಂದು ಅದರ ಮಾಳಿಗೆಯ ಮೇಲೆ ಹೊಸದಾಗಿ ತೋಟ ಬೆಳೆಸಿದ್ದರು. ಬಾಗಿಲಿಗೆ ಬೀಗ ಹಾಕಿಕೊಂಡು ವಾಚ್‌ಮನ್ ಕೂತಿದ್ದ.

“ಅಣ್ಣಾ, ಬಾಗಿಲ ತೆಗಿ. ಕೂಸು ಕಣ್ಣ ಬಿಡವಲ್ದು. ತುಸು ಹೊತ್ತು ನೆಳ್ಳಾಗ ಮಲಗಸ್ತೀನಿ.”

“ಆಗಂಗಿಲ್ಲವ್ವಾ. ಉದ್ಘಾಟನಾ ಆಗೋತನಕಾ ಯಾರನ್ನೂ ಬಿಡಬ್ಯಾಡ ಅಂದಾರ.”

“ಇದರ ಜೀವಾ ಹೋಗತೈತೋ ಅಣ್ಣಾ!”

“ನನ್ನ ನೌಕರಿ ಹೋಗತೈತಿ. ಕೆಳಗಿಳಿ.”

ನೀಲಮ್ಮ ಕೂಸನ್ನು ಎದೆಗವಚಿಕೊಂಡೇ ಅವನ ಕಾಲಿಗೆ ಬಿದ್ದಳು. ಅವನು ಗಾಬರಿಯಿಂದ ಅತ್ತಿತ್ತ ನೋಡಿದ. ಕೊನೆಗೆ ಬೀಗ ತೆಗೆದು ಪಿಸುಗುಟ್ಟಿದ:

“ಸಪ್ಪಳ ಮಾಡಬ್ಯಾಡ, ತಂಗಿ. ಒಳಗ ನನ್ನ ಕೂಸಿಗೆ ಈಗಷ್ಟ ನಿದ್ದಿ ಹತ್ತೇತಿ.”