ಹಾಸನ ಶೋನ ಆ ಹನ್ನೊಂದು ಸೆಕೆಂಡ್

ನನ್ನದು ತುಮಕೂರಿನಲ್ಲಿ ಒಂದು ಟೈಲ್ಸ್ ಅಂಗಡಿ. ಸಂಗೀತದ ಗಂಧಗಾಳಿ ಇಲ್ಲ... ಆದರೂ ‘ಗಾಳಿಮರ’ ಬ್ಯಾಂಡ್ ಅಂದ್ರೆ ಪ್ರಾಣ ಬಿಡುತ್ತಿದ್ದವನು ನಾನು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಗ ಅದು ನಾಲ್ಕು ಜನರ ಬ್ಯಾಂಡ್. ಒಂದೇ ಹಾಡನ್ನು ಇವತ್ತು ಎಂಟು ನಿಮಿಷ ನುಡಿಸಿದರೆ ನಾಳೆ ಇನ್ನೊಂದೂರಲ್ಲಿ ಅರ್ಧ ಗಂಟೆ! ಸ್ಟೇಜ್ ಮೇಲೆ ಏನು ತೋಚುತ್ತೋ ಅದೇ ಸಂಗೀತ.

ಹಾಗಾಗಿ ನಮ್ಮಂಥ ಹುಚ್ಚರಿಗೆ ಸದಾ ಒಂದೇ ಜಗಳ... ಯಾವ ಊರಿನ ಶೋ ಬೆಸ್ಟ್?

ಅದಕ್ಕೇ ಒಂದು ವಾಟ್ಸಾಪ್ ಗ್ರೂಪ್. ಮುನ್ನೂರು ಜನ, ಅಡ್ಮಿನ್ ನಾನೇ. ಪ್ರತಿ ಡಿಸೆಂಬರ್‌ನಲ್ಲಿ ರೆಕಾರ್ಡಿಂಗ್ ಕೇಳಿ ಮಾರ್ಕ್ಸ್ ಹಾಕುತ್ತಿದ್ದೆವು. ಹೊಸ ಕಲ್ಪನೆಗೆ ಹತ್ತು, ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ್ದಕ್ಕೆ ಹತ್ತು.

ಅದೂ ಸೌಂಡ್ ಮಿಕ್ಸರ್‌ನಿಂದ ನೇರವಾಗಿ ತೆಗೆದ ಕ್ಲೀನ್ ರೆಕಾರ್ಡಿಂಗ್ ಆಗಿರಬೇಕು. ಜನ ಕೂತಲ್ಲಿಂದ ಮೊಬೈಲ್‌ನಲ್ಲಿ ಮಾಡಿದ್ದಕ್ಕೆ ಎಂಟ್ರಿ ಇಲ್ಲ. ಕೆಮ್ಮು, ಮಕ್ಕಳ ಅಳು ಎಲ್ಲ ಯಾರಿಗೆ ಬೇಕು ಹೇಳಿ?

ಎಂಟು ವರ್ಷ ಸತತವಾಗಿ ಒಂದನೇ ಸ್ಥಾನ ಹಾಸನ ಶೋಗೆ.

ಅದರ ಇಪ್ಪತ್ತೆರಡನೇ ನಿಮಿಷದಲ್ಲಿ ಎಲ್ಲ ವಾದ್ಯಗಳೂ ನಿಂತುಬಿಡುತ್ತವೆ. ಹನ್ನೊಂದು ಸೆಕೆಂಡ್ ಮೌನ... ಆಮೇಲೆ ಬ್ಯಾಂಡಿನ ಪ್ರಭಂಜನನ ಗಿಟಾರ್ ಮೆಲ್ಲಗೆ ಎದ್ದು ಬರುತ್ತದೆ.

ಮೈ ಜುಮ್ ಅನ್ನುತ್ತೆ. ನಾನಂತೂ ಪ್ರತಿ ಸಲ ಅತ್ತಿದ್ದೇನೆ. ಒಬ್ಬರನ್ನೊಬ್ಬರು ಕೇಳಿಸಿಕೊಂಡದ್ದಕ್ಕೆ ಹತ್ತಕ್ಕೆ ಹತ್ತು ಕೊಟ್ಟವನೂ ನಾನೇ.

ಅದೇ ಶೋನಲ್ಲೇ ಪಿಟೀಲಿನ ಸುಧನ್ವ ಅರ್ಧಕ್ಕೆ ಸ್ಟೇಜ್ ಇಳಿದು ಹೋಗಿದ್ದ. “ದುರಹಂಕಾರ... ನಡುನೀರಲ್ಲಿ ಕೈ ಬಿಟ್ಟ” ಅಂತ ಬ್ಯಾಂಡಿನ ಉಳಿದ ಮೂವರೂ ತಮ್ಮ ಫೇಸ್‌ಬುಕ್ ಪೇಜಿನಲ್ಲಿ ಬರೆದರು.

ನಾವು ಬಿಡ್ತೀವಾ? ನಂಬಿಕೆದ್ರೋಹಿ ಅಂತ ಬಾಯಿಗೆ ಬಂದಂತೆ ಬೈದೆವು. ಇವನನ್ನು ಪ್ರೋಗ್ರಾಮ್‌ಗೆ ಕರೀಬೇಡಿ ಅಂತ ಆಯೋಜಕರಿಗೆ ಮೆಸೇಜ್ ಹಾಕುವುದರಲ್ಲಿ ನಾನೇ ಮುಂದು.

ಹೋದ ತಿಂಗಳು ಒಂದು ಮಧ್ಯಾಹ್ನ. ಗಂಡ ಹೆಂಡತಿ ಅಡುಗೆಮನೆ ಟೈಲ್ಸ್ ನೋಡಲು ಬಂದರು. ಅಂಗಡಿಯ ಸ್ಪೀಕರ್‌ನಲ್ಲಿ ಎಂದಿನಂತೆ ಹಾಸನ ಶೋ ಓಡುತ್ತಿತ್ತು.

ಆ ಮನುಷ್ಯ ಸ್ಯಾಂಪಲ್ ಕೆಳಗಿಟ್ಟು, “ಸಾರ್... ಅದನ್ನ ಸ್ವಲ್ಪ ಆಫ್ ಮಾಡ್ತೀರಾ?” ಅಂದ.

ನನಗೆ ರೇಗಿತು. “ಏನ್ ಸಾರ್, ನಂಬರ್ ಒನ್ ಶೋ ಇದು! ಎರಡೇ ನಿಮಿಷ ತಡೀರಿ, ಒಂದು ಮೌನ ಬರುತ್ತೆ. ಅದನ್ನ ಕೇಳ್ಬಿಟ್ಟು ಆಮೇಲೆ ಮಾತಾಡಿ.”

ಆತ ಟೈಲ್ಸ್ ಬಾಕ್ಸ್ ಮೇಲೆ ಕುಸಿದು ಕೂತ. ಹೆಂಡತಿಯ ಮುಖ ಕೆಂಪಾಯಿತು.

“ಅದು ಮೌನ ಅಲ್ಲ ರೀ. ಅಲ್ಲಿ ನಮ್ಮ ಯಜಮಾನ್ರು ನುಡಿಸ್ತಾ ಇದಾರೆ!”

ಆಗ ಮುಖ ಸರಿಯಾಗಿ ನೋಡಿದೆ. ಕೂದಲು ಉದುರಿದೆ, ಕನ್ನಡಕ ಬಂದಿದೆ... ಸುಧನ್ವ!

ಆಕೆ ಬ್ಯಾಗಿನಿಂದ ಮೊಬೈಲ್ ತೆಗೆದರು. “ಮೊದಲನೇ ಸಾಲಲ್ಲಿ ಕೂತು ನಾನು ರೆಕಾರ್ಡ್ ಮಾಡಿದ್ದು. ಕೇಳಿ.”

ಯಾರೋ ಕೆಮ್ಮುತ್ತಿದ್ದರು. ಮಗುವೊಂದು ಅಳುತ್ತಿತ್ತು. ಗಿಟಾರ್, ಡ್ರಮ್ಸ್, ಕೀಬೋರ್ಡ್ ನಿಂತವು... ಆಗ ದೂರದಲ್ಲಿ, ಮೈಕ್ ಇಲ್ಲದೆ, ತೆಳ್ಳಗೆ ಪಿಟೀಲು ಕೇಳಿಸಿತು. ಹನ್ನೊಂದೇ ಸೆಕೆಂಡ್. ಆಮೇಲೆ ತಟ್ಟನೆ ನಿಂತಿತು.

“ಆ ಜಾಗದಲ್ಲಿ ಪಿಟೀಲೊಂದೇ ನುಡೀಬೇಕಿತ್ತು ಸಾರ್,” ಎಂದರು ಸುಧನ್ವ. “ಸ್ಪೀಕರ್‌ನಲ್ಲಿ ನನ್ನ ಸೌಂಡೇ ಇಲ್ಲ. ವೈರ್ ಹೋಯ್ತೇನೋ ಅಂದ್ಕೊಂಡು ಪ್ರಭಂಜನನ ಮುಖ ನೋಡಿದೆ. ಅವನು ತಲೆ ತಗ್ಗಿಸಿ ಗಿಟಾರ್ ಶುರು ಮಾಡ್ಬಿಟ್ಟ... ಕಮಾನು ಕೆಳಗಿಟ್ಟು ಇಳಿದೆ.”

ಅವತ್ತು ಯಾವುದೋ ಸಿನಿಮಾ ಕಂಪನಿಯವರು ಶೋ ನೋಡಲು ಬಂದಿದ್ದರಂತೆ. ಪಿಟೀಲು ಬೇಡ, ಮೂರೇ ಜನ ಸಾಕು ಅಂದಿದ್ದರಂತೆ. ಅದನ್ನು ಸುಧನ್ವ ಅವರ ಮುಖಕ್ಕೆ ಹೇಳುವ ಧೈರ್ಯ ಬ್ಯಾಂಡಿನವರಿಗೆ ಬರಲಿಲ್ಲ. ಸೌಂಡಿನವನಿಗೆ ಹೇಳಿ ಮಿಕ್ಸರ್‌ನಲ್ಲಿ ಪಿಟೀಲಿನ ಲೈನ್ ಆಫ್ ಮಾಡಿಸಿದರು... ಸಿಟ್ಟಾಗಿ ತಾನೇ ಎದ್ದು ಹೋಗಲಿ ಅಂತ! ಆ ಸೌಂಡಿನವನೇ ಆಮೇಲೆ ಮನೆಗೆ ಬಂದು, ಅತ್ತು, ಇದನ್ನೆಲ್ಲ ಹೇಳಿದ್ದು.

“ಆರು ವರ್ಷ ಒಂದೇ ತಟ್ಟೇಲಿ ಉಂಡಿದ್ವಿ ಸಾರ್. ಬೇಡ ಅಂದಿದ್ರೆ ನಾನೇ ಕೈಕುಲುಕಿ ಹೋಗ್ತಿದ್ದೆ...”

“ಇದನ್ನ ಯಾಕೆ ಯಾರಿಗೂ ಹೇಳಲಿಲ್ಲ ನೀವು? ಗಾಳಿಮರ ಫ್ಯಾನ್ಸ್ ಗ್ರೂಪಿನ ಅಡ್ಮಿನ್ ನಾನೇ!” ಅಂದೆ.

ಆಕೆ ನನ್ನನ್ನೇ ನೋಡಿದರು. “ನಿಮ್ಮದೇನಾ ಆ ಗ್ರೂಪು? ಇದೇ ರೆಕಾರ್ಡಿಂಗ್ ಆವಾಗ್ಲೇ ಕಳಿಸಿದ್ದೆನಲ್ಲ... ಕ್ವಾಲಿಟಿ ಸರಿ ಇಲ್ಲ ಅಂತ ವಾಪಸ್ ಬರೆದ್ರಿ. ಇವ್ರಿಗೆ ಪ್ರೋಗ್ರಾಮೇ ಸಿಗದ ಹಾಗೆ ಮಾಡಿದ್ರಿ. ಈಗ ಮದುವೆ ಮನೆಗಳಲ್ಲಿ ಯಾರದೋ ಹಿಂದೆ ಕೂತು ನುಡಿಸ್ತಾರೆ.”

ಆ ರೆಕಾರ್ಡಿಂಗನ್ನು ನಾನು ತೆರೆದು ಕೂಡ ನೋಡಿರಲಿಲ್ಲ.

ದೇವರ ಹಾಗೆ ನಂಬಿದ್ದ ಬ್ಯಾಂಡ್ ನನ್ನನ್ನು ಎಂಟು ವರ್ಷ ಮೂರ್ಖನನ್ನಾಗಿ ಮಾಡಿತ್ತು. ಅವರು ಗೆಳೆಯನ ಬೆನ್ನಿಗೆ ಚೂರಿ ಹಾಕಿದ ಗಳಿಗೆಗೆ ನಾನು ಹತ್ತಕ್ಕೆ ಹತ್ತು ಕೊಟ್ಟು ಕೂತಿದ್ದೆ.

“ಇವತ್ತೇ ಆ ಶೋನೇ ಪಟ್ಟಿಯಿಂದ ಕಿತ್ತು ಬಿಸಾಕ್ತೀನಿ ಸಾರ್!”

ಸುಧನ್ವ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು.

“ಬೇಡ ಸಾರ್, ತೆಗೀಬೇಡಿ... ಮೊದಲ ಇಪ್ಪತ್ತೆರಡು ನಿಮಿಷ ಅದರಲ್ಲಿ ನಾನೂ ಇದ್ದೀನಿ. ಅಷ್ಟು ಚೆನ್ನಾಗಿ ಮತ್ತೆ ಯಾವತ್ತೂ ನುಡಿಸಿಲ್ಲ. ಅದು ಇರ್ಲಿ. ಬಿಟ್ಟು ಹೋದೋನು ಅನ್ನೋದೊಂದನ್ನ ಅಳಿಸ್ಬಿಡಿ, ಸಾಕು.”

ಅಂಗಡಿ ತುಂಬಾ ಗಿರಾಕಿಗಳಿದ್ದರು. ನಾನು ಮಗುವಿನಂತೆ ಅತ್ತುಬಿಟ್ಟೆ.

ಅವತ್ತು ಸಂಜೆಯೇ ಆ ಮೊಬೈಲ್ ರೆಕಾರ್ಡಿಂಗನ್ನು ಗ್ರೂಪಿಗೆ ಹಾಕಿ, ನನ್ನ ತಪ್ಪನ್ನೂ ಬರೆದೆ. ಅರವತ್ತು ಜನ ಗ್ರೂಪ್ ಬಿಟ್ಟರು. ಬ್ಯಾಂಡಿನ ಮೂವರೂ ನನ್ನನ್ನು ಬ್ಲಾಕ್ ಮಾಡಿದರು... ಅವರಿಂದ ಬಂದ ಉತ್ತರ ಅಷ್ಟೇ.

ಹಾಸನ ಶೋ ಪಟ್ಟಿಯಲ್ಲಿ ಇನ್ನೂ ಮೊದಲೇ ಇದೆ. ಕೆಳಗೆ ಒಂದು ಸಾಲು ಸೇರಿಸಿದ್ದೇವೆ. “ಪಿಟೀಲು: ಸುಧನ್ವ. ಇವರು ಬಿಟ್ಟು ಹೋದವರಲ್ಲ.”

ಒಬ್ಬರನ್ನು ದ್ರೋಹಿ ಅನ್ನುವ ಮುಂಚೆ, ಅವರ ಕಡೆಯ ರೆಕಾರ್ಡಿಂಗನ್ನೂ ಒಮ್ಮೆ ಕೇಳಿ.

ನೀವು “ಕೈ ಬಿಟ್ಟು ಹೋದ” ಅಂತ ಊರಿಗೆಲ್ಲ ಹೇಳಿಕೊಂಡು ಬಂದವರು ಯಾರಾದರೂ ಇದ್ದಾರಾ... ಅವರನ್ನೇ ಒಂದು ಸಲ ಕೇಳಿದ್ದೀರಾ?